ಪೆಟ್ಟಿಗೆಯ ಕೆಳಗಿನ ಸಮುದ್ರ

ನೆಲ ತೊಳೆದಾಗ ಫರಸಿ ಕಲ್ಲಿನಿಂದ ಒಂದು ವಾಸನೆ ಏಳುತ್ತದೆ, ಗಮನಿಸಿದ್ದೀರಾ? ಟೈಲ್ಸ್ ಹಾಕಿಸಿಕೊಂಡವರಿಗೆ ಅದು ಗೊತ್ತಾಗಲಿಕ್ಕಿಲ್ಲ. ಮೊನ್ನೆ ನಮ್ಮ ಶಾಲೆಯ ಸಭಾಂಗಣ ತೊಳೆಸುತ್ತಿದ್ದಾಗ ಆ ವಾಸನೆ ಬಂತು. 

ತೊಳೆಸಿದ್ದು ಪ್ರದರ್ಶನಕ್ಕಾಗಿ. ಶಹಾಬಾದಿನ ಹಳೆಯ ಫೋಟೊ, ಹಳೆಯ ಸಾಮಾನುಗಳನ್ನೆಲ್ಲ ಕೂಡಿಸಿ ಊರವರೇ ನಡೆಸುವ ಪ್ರದರ್ಶನ. ಮುಂದಾಳತ್ವ ಕಾಲೇಜಿನಲ್ಲಿ ಭೂಗೋಳ ಕಲಿಸುವ ಬಸವರಾಜ ಸರ್ ಅವರದು. ಅವರು ಅದಕ್ಕಿಟ್ಟ ಹೆಸರು "ಸಮುದ್ರದ ದಂಡೆಯ ಶಹಾಬಾದ್". ಬ್ಯಾನರ್ ಕಟ್ಟಿದ ದಿನದಿಂದ ಊರಿಗೆಲ್ಲ ನಗೆ. ಚಹಾದಂಗಡಿಯವನು ನನ್ನನ್ನೇ ತಡೆದು ಕೇಳಿದ: "ಟೀಚರ್, ಕಾಗಿಣಾ ಹೊಳಿ ನೋಡೀವಿ. ಸಮುದ್ರ ಎಲ್ಲದ ರೀ? ಬಸ್ ಬಿಡ್ತಾರೇನು?"

ಆದರೆ ಸರ್ ಹೇಳುವುದು ಸುಳ್ಳಲ್ಲ. ನಮ್ಮ ಫರಸಿಯೆಲ್ಲ ಯಾವುದೋ ಕಾಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಕೆಲವು ಕಲ್ಲುಗಳ ಮೇಲೆ ಅಲೆಯ ಗೆರೆಗಳು ಹಾಗೇ ಉಳಿದಿರುತ್ತವೆ. ಅಂಥದೊಂದನ್ನು ಸಭಾಂಗಣದ ನಡುವೆ ಇಡಬೇಕೆಂದು ಅವರ ಹಟ. ಊರೆಲ್ಲ ತಿರುಗಿದರೂ ಸಿಗಲಿಲ್ಲ. "ನಿಮ್ಮಪ್ಪ ಖಣಿಯಾಗ ದುಡದವರಲ್ರೀ, ನಿಮ್ಮ ಮನ್ಯಾಗ ಇರಬೇಕಲ್ಲ?" ಎಂದರು. ಇಲ್ಲ ಎಂದೆ. ಯಾಕಿಲ್ಲ ಎಂದು ಹೇಳಲಿಲ್ಲ.

ನಿಮಗೆ ಹೇಳುತ್ತೇನೆ. ಅಪ್ಪ ಕಲ್ಲಿನ ಖಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದ. ಗೆರೆಯಿರುವ ಕಲ್ಲನ್ನು ಯಾರೂ ಕೊಳ್ಳುತ್ತಿರಲಿಲ್ಲ. ಖಣಿಯವರ ಬಾಯಲ್ಲಿ ಅದರ ಹೆಸರು "ಖರಾಬ್". ಖರಾಬ್ ಕಲ್ಲನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಹಾಗಾಗಿ ಊರೂರಿಗೆ ನುಣುಪು ನೆಲ ಕಳಿಸುವವರ ಮನೆಯಲ್ಲೇ ಏರುತಗ್ಗಿನ ನೆಲ. ನಮ್ಮಲ್ಲಿ ಊಟದ ತಾಟು ಇಟ್ಟರೆ ಕುಣಿಯುತ್ತಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಫ್ಯಾಕ್ಟರಿ ಕ್ವಾರ್ಟರ್ಸಿನ ಇಬ್ಬರು ಗೆಳತಿಯರು ಊಟಕ್ಕೆ ಬಂದರು. ಲೋಟ ಉರುಳಿ ಒಬ್ಬಳ ಲಂಗ ತೊಯ್ದಿತು. ಅವಳು ನಕ್ಕಳು, ಅಷ್ಟೇ. ನನಗೆ ಮಾತ್ರ ಮಾನವೇ ಹೋದಂತಾಗಿ, ಅವರು ಹೋದ ಮೇಲೆ ಅಪ್ಪನ ಮುಂದೆ ನಿಂತು, "ಮಂದಿಗೆಲ್ಲಾ ಚಲೋ ಕಲ್ಲು, ನಮಗ ಖರಾಬ್. ನಿನ್ನ ಮನ್ಯಾಗ ಇರಾಕ ನನಗ ನಾಚಿಕಿ ಆಗ್ತದ" ಎಂದೆ.

ಅಪ್ಪ ನನ್ನ ಕಡೆ ನೋಡಲಿಲ್ಲ. "ಸಪಾಟ ಮಾಡ್ತೀನಿ ತಗೋ" ಎಂದ. ಮುಂದೆ ರಜೆ ಬಂದಾಗಲೆಲ್ಲ ಮೊಣಕಾಲೂರಿ ಕೂತು, ಒಂದೊಂದೇ ಗೆರೆ ಕೆತ್ತಿ, ಇಡೀ ಮನೆಯ ನೆಲವನ್ನು ಮಟ್ಟಸ ಮಾಡಿದ. ಧೂಳಿಗೆ ಹುಬ್ಬೆಲ್ಲ ಬೆಳ್ಳಗಾಗಿರುತ್ತಿತ್ತು. ಮೇಲುಸ್ತುವಾರಿ ನನ್ನದು: "ಅಪ್ಪಾ, ಇಲ್ಲೊಂದು ಉಳದದ ನೋಡು" ಎಂದು ಬೆರಳು ತೋರಿಸುತ್ತಿದ್ದೆ. ಅವನು ಮಾತಾಡದೆ ಅಲ್ಲಿಗೆ ಸರಿಯುತ್ತಿದ್ದ. ಆ ಮೌನ ಸಿಟ್ಟೋ ನೋವೋ ಎಂದು ದೊಡ್ಡವಳಾದ ಮೇಲೆ ಕೇಳಬೇಕೆಂದುಕೊಂಡೆ. ಇವತ್ತು ನಾಳೆ ಅನ್ನುವಷ್ಟರಲ್ಲಿ ಅಪ್ಪ ತೀರಿಹೋದ.

ಮೊನ್ನೆ ಸಂಜೆ ಇದನ್ನೆಲ್ಲ ಅವ್ವನ ಮುಂದೆ ಹೇಳಿಕೊಂಡೆ. ಅವ್ವ ಅವರೆಕಾಯಿ ಸುಲಿಯುತ್ತ, "ಕಬ್ಬಿಣದ ಪೆಟ್ಟಿಗಿ ಸರಸಿ ನೋಡು. ಅವಾಗ ಅದರ ತುಂಬ ಜ್ವಾಳ ಇತ್ತು, ಯಾರು ಎತ್ತಬೇಕು? ತೆಳಗ ಹಂಗೇ ಬಿಟ್ಟಾರ" ಎಂದಳು.

ಸರಿಸಿದೆವು. ಒಂದೇ ಹಾಸುಗಲ್ಲು. ಪೆಟ್ಟಿಗೆಯ ಅಡಿಯಲ್ಲಿದ್ದ ಅರ್ಧದ ಮೇಲೆ ಅಲೆಗಳು, ಹೊರಗಿದ್ದ ಅರ್ಧದ ಮೇಲೆ ಉಳಿಯ ಕಚ್ಚುಗಳು. ಅಲ್ಲೇ ಕೂತು ಅತ್ತೆ.

ನೆಲದಿಂದ ಎಬ್ಬಿಸಿದ ಕಲ್ಲು ಸಭಾಂಗಣಕ್ಕೆ ಬಂದಾಗ ಬಸವರಾಜ ಸರ್ ಕುಣಿದಾಡಿದರು. ಆಮೇಲೆ ಮುಖ ಸಣ್ಣದು ಮಾಡಿ, "ಈ ಅರ್ಧ ಕೆಟ್ಟದರಿ. ಬಟ್ಟಿ ಮುಚ್ಚಿ ಇಡಮು?" ಎಂದರು. ಹೂಂ ಅಂದುಬಿಟ್ಟಿದ್ದರೆ ನನ್ನ ಕಥೆಯೂ ಅದರಡಿ ಮುಚ್ಚಿಹೋಗುತ್ತಿತ್ತು. ನಾಲಗೆಯ ತುದಿಗೆ ಬಂದದ್ದೂ ಅದೇ. "ಬ್ಯಾಡ್ರಿ ಸರ್, ತೆರದೇ ಇರಲಿ" ಎಂದೆ.

ಮರುದಿನ ಜನವೋ ಜನ. ಮಧ್ಯಾಹ್ನದ ಹೊತ್ತಿಗೆ ಬಂದ ಮಸ್ತಾನ್ ಕಾಕಾ ಹಿಂದೆ ಬೇರೊಂದು ಖಣಿಯಲ್ಲಿ ಕಲ್ಲು ಕೆತ್ತುತ್ತಿದ್ದವರು. ಅಪ್ಪನ ಪರಿಚಯ ಅವರಿಗಿಲ್ಲ. ಈಗ ಕಣ್ಣು ಮಂಜು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತವರು ಅಲೆಗಳನ್ನು ಬಿಟ್ಟು ಕೆತ್ತಿದ ಅರ್ಧದ ಮೇಲೆಯೇ ಬೆರಳಾಡಿಸತೊಡಗಿದರು.

"ಇದು ಯಾರ ಕೈ?"

"ನಮ್ಮಪ್ಪಂದು ಕಾಕಾ. ನಾ ಸಣ್ಣಾಕಿದ್ದಾಗ ಕೆಟ್ಟ ಮಾತು ಅಂದಿದ್ದೆ. ಅದಕ್ಕ ಸಿಟ್ಟಿಲೆ ಕೆತ್ತಿರಬೇಕು."

ಕಾಕಾ ಬೆರಳು ನಿಲ್ಲಿಸಲಿಲ್ಲ. ಮೇಲಿನಿಂದ ಕೆಳಗೆ, ಸಾಲು ಸಾಲಾಗಿ, ಕೊನೆಯ ಕಚ್ಚಿನವರೆಗೆ ಹೋದರು.

"ಇಲ್ಲವ್ವಾ," ಎಂದರು. "ಸಿಟ್ಟಿಲೆ ಹೊಡದ್ರ ಉಳಿ ಆಳ ಬೀಳ್ತದ. ಇಲ್ಲಿ ಒಂದೂ ಹಂಗ ಬಿದ್ದಿಲ್ಲ."