ಸಿರುಗುಪ್ಪದ ಫ್ರೆಂಚ್ ಪಾಠ

ಮೊನ್ನೆ ಹೊಸ ಅಕ್ಕಿ ಚೀಲದ ಹೊಲಿಗೆ ಬಿಚ್ಚಿದಾಗ ಒಳಗಿನಿಂದ ಒಂದು ವಾಸನೆ ಎದ್ದಿತು. ತೌಡಿನದು, ಒಣಹುಲ್ಲಿನದು, ಬಿಸಿಲಿಗೆ ಕಾದ ಗೋಣಿತಾಟಿನದು, ಎಲ್ಲಾ ಸೇರಿದ್ದು. ಅದು ಮೂಗಿಗೆ ಬಿದ್ದದ್ದೇ ತಡ, ನನ್ನ ಬಾಯಿ ನನ್ನನ್ನು ಕೇಳದೆ, "ಝ ಸ್ವಿ, ತ್ಯು ಎ, ಇಲ್ ಎ" ಎಂದು ಫ್ರೆಂಚ್ ಕ್ರಿಯಾಪದ ಗುನುಗತೊಡಗಿತು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಯಾರ ಜೋಡಿ ಮಾತಾಡಾಕತ್ತೀ?" ಎಂದರು. "ಅಕ್ಕಿ ಜೋಡಿ" ಎಂದೆ. ಅವರು ಮತ್ತೆ ಪೇಪರಿಗೆ ತಿರುಗಿದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೆಲವು ಉತ್ತರಗಳನ್ನು ಅವರು ಹಾಗೆಯೇ ಒಪ್ಪಿಕೊಂಡುಬಿಡುತ್ತಾರೆ. ನೀವು ಒಪ್ಪಲಿಕ್ಕಿಲ್ಲ. ಅಕ್ಕಿಗೂ ಫ್ರೆಂಚ್ ಭಾಷೆಗೂ ಎಲ್ಲಿಯ ನಂಟು ಎನ್ನುತ್ತೀರಿ. ಹೇಳುತ್ತೇನೆ, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಕೂತುಕೊಳ್ಳಿ.

ಎಪ್ಪತ್ತರ ದಶಕದ ಕೊನೆಯ ಮಾತು. ಬಳ್ಳಾರಿಯಲ್ಲಿ ಹೈಸ್ಕೂಲು ಮುಗಿಸಿದ ನನ್ನನ್ನು ಅಪ್ಪ ಪಿಯುಸಿ ಓದಲು ಬೆಂಗಳೂರಿಗೆ, ನನ್ನ ಸೋದರತ್ತೆಯ ಮನೆಗೆ ಕಳಿಸಿದರು. ಅಪ್ಪನದು ಹತ್ತಿ ವ್ಯಾಪಾರ. ಓದಿದ್ದು ಕಡಿಮೆ, ಓದಿಸುವ ಹುಚ್ಚು ಜಾಸ್ತಿ. ಬೆಂಗಳೂರಿನ ಕಾಲೇಜಿನಲ್ಲಿ ಎರಡನೇ ಭಾಷೆ ಯಾವುದು ಬೇಕೆಂದು ಕೇಳಿದಾಗ ನಾನು ಫ್ರೆಂಚ್ ಎಂದೆ. ಕಾರಣ ಕೇಳಬೇಡಿ, ಕೇಳಿದರೆ ಹೇಳಬೇಕಾಗುತ್ತದೆ. ನನ್ನ ಮುಂದೆ ಸಾಲಿನಲ್ಲಿ ನಿಂತಿದ್ದ, ಕೂದಲು ಕತ್ತರಿಸಿಕೊಂಡ ಹುಡುಗಿಯೊಬ್ಬಳು ಫ್ರೆಂಚ್ ಎಂದಿದ್ದಳು. ಅವಳ ಕೂದಲು ನನಗೆ ಬಹಳ ಹಿಡಿಸಿತ್ತು. ಕೂದಲು ಕತ್ತರಿಸಿಕೊಳ್ಳುವ ಧೈರ್ಯವಿರಲಿಲ್ಲ, ಭಾಷೆಯನ್ನಾದರೂ ತೆಗೆದುಕೊಂಡೆ.

ಒಂದು ವರ್ಷ ಹೇಗೋ ಕಳೆಯಿತು. ಅಷ್ಟರಲ್ಲಿ ಅತ್ತೆಯ ಗಂಡನಿಗೆ ಉತ್ತರ ಭಾರತಕ್ಕೆ ವರ್ಗವಾಯಿತು. ನಾನು ಟ್ರಂಕು ಹೊತ್ತುಕೊಂಡು ಬಳ್ಳಾರಿಗೆ ವಾಪಸ್ ಬಂದೆ. ಇಲ್ಲಿಯ ಕಾಲೇಜಿನ ಪ್ರಿನ್ಸಿಪಾಲರು ನನ್ನ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಮ್ಮಲ್ಲಿ ಕನ್ನಡ ಐತಿ, ಹಿಂದಿ ಐತಿ, ತೆಲುಗು, ಉರ್ದು, ಸಂಸ್ಕೃತ ಎಲ್ಲಾ ಐತಿ. ಇದೊಂದು ಇಲ್ಲ ನೋಡ್ರಿ. ಮೊದಲನೇ ವರ್ಷದ ಭಾಷಾ ಈಗ ಬದಲಿ ಮಾಡಾಕ ಬರಂಗಿಲ್ಲ. ಪರೀಕ್ಷಿ ನಾವು ಬರಸ್ತೀವಿ. ಪಾಠ ಹೇಳವರನ್ನ ಮಾತ್ರ ನೀವ ಹುಡಿಕ್ಯಬೇಕು" ಎಂದರು.

ಭಾಷೆಯಲ್ಲಿ ಫೇಲಾದರೆ ಇಡೀ ಪಿಯುಸಿ ಫೇಲು. ಅದು ನನ್ನೊಬ್ಬಳ ಫೇಲೂ ಅಲ್ಲ. ನಮ್ಮದು ಕೂಡು ಮನೆ. ದೊಡ್ಡಪ್ಪನ ಮಗಳು ಸರೋಜಳಿಗೆ ನರ್ಸಿಂಗ್ ಓದಲು ಬೆಂಗಳೂರಿಗೆ ಹೋಗಬೇಕೆಂದು ಆಸೆ. ದೊಡ್ಡಪ್ಪ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿದ್ದರು: "ಹೆಣ್ಣುಡುಗೂರನ್ನ ಬೆಂಗಳೂರಿಗೆ ಕಳಸಾದು ಬ್ಯಾಡ ಅಂತ ಬಡ್ಕಂಡೆ. ಈಗ ಇಕಿದು ಏನಾಕ್ಕತಿ ನೋಡೂಣು. ಆಮ್ಯಾಲ ಉಳಿದವರ ಮಾತು." ಸರೋಜ ಆ ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, "ಹೆಂಗರ ಮಾಡಿ ಪಾಸಾಗಲೇ" ಎಂದು ನನ್ನ ಕೈ ಹಿಡಿದುಕೊಂಡಳು. ನನಗೆ ಬರುತ್ತಿದ್ದ ಅಷ್ಟಿಷ್ಟು ಫ್ರೆಂಚೂ ಅಂದೇ ಮರೆತಂತಾಯಿತು.

ಅಪ್ಪ ಹುಡುಕತೊಡಗಿದರು. ನಮ್ಮ ಅಪ್ಪ ಹುಡುಕುವುದೆಂದರೆ ನಾಚಿಕೆ ಬಿಟ್ಟು ಹುಡುಕುವುದು. ಹತ್ತಿ ಮಾರ್ಕೆಟ್ಟಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಎದುರು ಬಂದವರನ್ನೆಲ್ಲ ನಿಲ್ಲಿಸಿ, "ಫ್ರೆಂಚ್ ಬರೋರು ಯಾರಾದ್ರೂ ಗೊತ್ತೇನ್ರಿ?" ಎನ್ನುವರು. ಕ್ಷೌರದಂಗಡಿಯಲ್ಲೂ ಕೇಳಿದರಂತೆ. ಅಂಗಡಿಯವನು ಕತ್ತರಿ ಕೆಳಗಿಟ್ಟು ಅವರ ಗದ್ದ ಹಿಡಿದು ನೋಡಿ, "ಫ್ರೆಂಚ್ ಗಡ್ಡ ನಿಮ್ಮ ಮಾರಿಗೆ ಒಪ್ಪತೈತಿ ಧಣಿ, ಆದ್ರ ಒಂದು ತಿಂಗಳು ಬಿಡಬೇಕು" ಎಂದನಂತೆ. ಅಪ್ಪ ಇದನ್ನು ಮನೆಗೆ ಬಂದು ಹೇಳಿದಾಗ ನಾನು ನಕ್ಕು ನಕ್ಕು ಆಮೇಲೆ ಅತ್ತುಬಿಟ್ಟೆ. ಪುಸ್ತಕ ಹಾಗೇ ಕೂತಿತ್ತು, ದಿನಗಳು ಕೂತಿರಲಿಲ್ಲ.

ಕೊನೆಗೆ ಕುರುಗೋಡಿನಿಂದ ಒಂದು ಸುದ್ದಿ ಬಂತು. ಅಲ್ಲಿ ಗಾದಿಲಿಂಗಪ್ಪ ಎಂಬ ಒಕ್ಕಲಿಗರೊಬ್ಬರಿಗೆ ಪರದೇಶದ ಭಾಷೆ ನೀರು ಕುಡಿದಂತೆ ಬರುತ್ತದೆ ಎಂದು. ಅಪ್ಪ ಮರುದಿನವೇ ನನ್ನನ್ನು ಬಸ್ಸಿಗೆ ಹತ್ತಿಸಿದರು. ಗಾದಿಲಿಂಗಪ್ಪನವರು ಬಸವಣ್ಣನ ಗುಡಿಯ ಹತ್ತಿರದ ಮನೆಯ ಕಟ್ಟೆ ಮೇಲೆ ದೊಡ್ಡ ರುಮಾಲು ಸುತ್ತಿ ಕೂತಿದ್ದರು. ನಾವು ಬಂದ ಕೆಲಸ ಕೇಳಿದ್ದೇ ಮುಖ ಅರಳಿತು. ಎರಡೂ ಕೈ ಎತ್ತಿ, "ಬೋನ್ ಜೋರ್ನೊ!" ಎಂದರು.

ಅಪ್ಪ ನನ್ನ ಕಡೆ ಹೆಮ್ಮೆಯಿಂದ ತಿರುಗಿದರು. ನಾನು ಮೆಲ್ಲಗೆ, "ಅಪ್ಪಾ, ಫ್ರೆಂಚಿನಾಗ ಬೋಂಜೂರ್ ಅಂತಾರ" ಎಂದೆ.

"ಹತ್ರ ಹತ್ರ ಬಂತಲ್ಲವಾ! ಒಂದಕ್ಷರ ಅತ್ತಿತ್ತ ಆಗೈತಿ. ನಮ್ಮ ಮಾತಿಗೂ ಮೈಸೂರು ಮಂದಿ ಮಾತಿಗೂ ಅಷ್ಟು ಫರಕಿಲ್ಲೇನು?" ಎಂದರು ಅಪ್ಪ.

ಫರಕು ಅಷ್ಟಿರಲಿಲ್ಲ, ಬಹಳವಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಳ್ಳಾರಿಯಲ್ಲಿ ಇಟಲಿಯ ಸೈನಿಕರನ್ನು ಸೆರೆ ಇಟ್ಟಿದ್ದರಲ್ಲ, ಗಾದಿಲಿಂಗಪ್ಪ ಹರೆಯದಲ್ಲಿ ಅವರಿಗೆ ತರಕಾರಿ ಹೊತ್ತು ಹಾಕುತ್ತಿದ್ದರು. ಕಲಿತದ್ದು ಇಟಾಲಿಯನ್, ಅದರಲ್ಲೂ ಮುಖ್ಯವಾಗಿ ಈರುಳ್ಳಿ, ಬದನೆಕಾಯಿ ಮತ್ತು ಬೈಗುಳ. ಇದು ಫ್ರೆಂಚ್ ಅಲ್ಲ ಎಂದು ತಿಳಿದಾಗ ನಮಗಿಂತ ಅವರಿಗೇ ಹೆಚ್ಚು ಬೇಸರವಾಯಿತು. ಇಷ್ಟು ವರ್ಷಕ್ಕೆ ಯಾರೋ ಆ ಭಾಷೆ ಕೇಳಿಕೊಂಡು ಬಂದರು ಎಂದುಕೊಂಡಿದ್ದರು ಪಾಪ. ರೊಟ್ಟಿ, ಪುಂಡಿಪಲ್ಯ ಉಣ್ಣಿಸಿ, ಕೈತೊಳೆಯಲು ನೀರು ಹಾಕುತ್ತಾ ಏನೋ ನೆನಪಾದಂತೆ ನಿಂತರು.

"ತಡೀರಿ. ಸಿರುಗುಪ್ಪ ಕಡೆ ಕ್ಯಾಂಪಿನ್ಯಾಗ ರಾಜುಗಾರು ಅಂತ ಒಬ್ರು ಭತ್ತ ಬೆಳೀತಾರ. ಅವ್ರ ಹೇಣ್ತಿ ಯಾನಾಂ ಊರಾಕಿ. ಆ ಊರು ಫ್ರೆಂಚರ ಕೈಯಾಗ ಇತ್ತಂತ. ಆಕಿಗೆ ಬಂದ್ರೂ ಬರಬಹುದು. ಬರಲಿಲ್ಲಂದ್ರ ನನ್ನ ಬೈಬ್ಯಾಡ್ರಿ."

ತುಂಗಭದ್ರೆಯ ಕಾಲುವೆ ಬಂದ ಮೇಲೆ ಗೋದಾವರಿ ಕಡೆಯ ಎಷ್ಟೋ ರೈತರು ಸಿರುಗುಪ್ಪದ ಸುತ್ತ ಹೊಲ ಮಾಡಿಕೊಂಡು ನೆಲೆಸಿದ್ದರು. ಅವರ ವಸತಿಗಳಿಗೇ ನಮ್ಮ ಕಡೆ ಕ್ಯಾಂಪ್ ಎನ್ನುವುದು. ಯಾನಾಂ ಗೋದಾವರಿ ಸಮುದ್ರ ಸೇರುವಲ್ಲಿಯ ಪುಟ್ಟ ಊರು. ಜನರ ಮಾತು ತೆಲುಗು, ಸರ್ಕಾರ ಫ್ರೆಂಚರದು, ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಹಾಗೇ ಇತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ತೆಕ್ಕಲಕೋಟೆ ದಾಟಿ ಸಿರುಗುಪ್ಪದ ಬಸ್ಸಿನಲ್ಲಿ ಕುಲುಕುತ್ತಾ ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಇಲ್ಲೂ ಬದನೆಕಾಯಿಯೇ ಆದರೆ ಏನು ಗತಿ?

ರಾಜುಗಾರು ಮಾತು ಕಡಿಮೆಯ, ಎತ್ತರದ ಮನುಷ್ಯ. ಅಂಗಳದ ತುಂಬ ಭತ್ತ ಒಣಹಾಕಿತ್ತು. ಅವರ ಹೆಂಡತಿ ಮಾಣಿಕ್ಯಮ್ಮ ಬರಿಗಾಲಲ್ಲಿ ಅದನ್ನು ಗೀರುತ್ತಾ, ಸಾಲು ಸಾಲಾಗಿ ತಿರುವಿಹಾಕುತ್ತಾ ಬಂದರು. ನಡುವಯಸ್ಸು, ಮೂಗಿನ ಎರಡೂ ಕಡೆ ಮೂಗುಬಟ್ಟು, ಚುರುಕು ಕಣ್ಣು. ಅಪ್ಪ ತಮಗೆ ಬರುವ ಮಾರ್ಕೆಟ್ಟಿನ ತೆಲುಗಿನಲ್ಲಿ ವಿಷಯ ಹೇಳಿದರು. ಆಕೆಯ ಕಾಲುಗಳು ಅಲ್ಲೇ ನಿಂತವು.

"ವದ್ದಯ್ಯಾ. ಬ್ಯಾಡ್ರಿ. ನನಗ ಎಲ್ಲಾ ಮರ್ತು ಹೋಗೈತಿ. ಇಲ್ಲಿ ಬಂದಾಗ ಬಾಯಿತಪ್ಪಿ ಒಂದು ಮಾತು ಅಂದ್ರ ಹೆಂಗಸರೆಲ್ಲ ದೊರಸಾನಿ, ದೊರಸಾನಿ ಅಂತ ನಗೋರು. ಅವಾಗಿಂದ ಬಿಟ್ಟೆ. ಯಾರ ಸಂಗಡ ಆಡ್ಲಿ? ಎಮ್ಮಿ ಸಂಗಡ ಆಡ್ಲೇನು?"

ಅಪ್ಪ ಇನ್ನೊಮ್ಮೆ ಕೇಳಿದರು. ಆಕೆ ಇನ್ನೊಮ್ಮೆ ಬೇಡವೆಂದರು. ಮಜ್ಜಿಗೆ ಕೊಟ್ಟರು. ಕುಡಿದೆವು. ಅಪ್ಪ ಎದ್ದು ನಿಂತು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಅವರ ಮುಖ ನೋಡಲಾರದೆ ನಾನು ಭತ್ತದ ಕಡೆ ನೋಡಿದೆ. ಆಗ ಅವರು, "ಇಷ್ಟು ದೂರ ಬಂದೀವಿ. ಪಾಠ ಬ್ಯಾಡ ಬಿಡ್ರಿ. ಇಕಿ ಒಂದು ಸಾಲು ಓದ್ತಾಳ, ಸರಿ ಐತೋ ಇಲ್ಲೋ ಅಷ್ಟು ಹೇಳ್ರಿ ಸಾಕು" ಎಂದರು.

ನಾನು ಪುಸ್ತಕ ತೆಗೆದೆ. ಸಿಕ್ಕ ಪುಟದ ಸಿಕ್ಕ ಸಾಲು. ರೊಟ್ಟಿ ಚೆನ್ನಾಗಿದೆ ಎನ್ನುವ ಮಾತು ಅದು. "ಲ ಪ್ಯಾನ್ ಎ ಬೋನ್" ಎಂದೆ.

"ಛೀ!" ಎಂದರು ಮಾಣಿಕ್ಯಮ್ಮ. "ಪ್ಯಾನ್ ಅಲ್ಲ! ಪ್ಯಾಂ! ಬೋನ್ ಅಲ್ಲ, ಬೋಂ! ಮೂಗು ಎದಕ್ಕ ಕೊಟ್ಟಾನ ದೇವರು? ಮತ್ತ ಅನ್ನು."

ಮತ್ತೆ ಅಂದೆ. ಮತ್ತೆ ಛೀ. ಮುಂದಿನ ಸಾಲು ಓದಿದೆ. ಆಕೆ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ತಾವೇ ಓದತೊಡಗಿದರು. ಮೊದಲ ಸಾಲಿನಲ್ಲಿ ತಡವರಿಸಿದರು, ಎರಡನೆಯದರಲ್ಲಿ ದನಿ ಏರಿತು, ಆಮೇಲೆ ನಿಲ್ಲಲೇ ಇಲ್ಲ. ನನ್ನ ಬೆಂಗಳೂರಿನ ಲೆಕ್ಚರರ್ ಬಾಯಲ್ಲೂ ಆ ಭಾಷೆ ಅಷ್ಟು ಸಲೀಸಾಗಿ ಹರಿದದ್ದನ್ನು ನಾನು ಕೇಳಿರಲಿಲ್ಲ. ಪುಟ ಮುಗಿದು ತಲೆ ಎತ್ತಿದಾಗ ರಾಜುಗಾರು ಒಳಗಿನಿಂದ ಎರಡು ಕುರ್ಚಿ ತಂದು ಬೇವಿನ ಮರದ ನೆರಳಲ್ಲಿ ಎದುರುಬದುರು ಇಟ್ಟು, ಗದ್ದೆ ಕಡೆ ಹೊರಟುಹೋಗುತ್ತಿದ್ದರು. ಮಾಣಿಕ್ಯಮ್ಮ ಕುರ್ಚಿಗಳನ್ನು ನೋಡಿದರು, ಅವರ ಬೆನ್ನನ್ನು ನೋಡಿದರು. "ಭಾನುವಾರ ಬಾ. ಮುಂಜಾನಿ ಬಸ್ಸಿಗೇ ಬಾ" ಎಂದರು.

ಹೀಗೆ ಶುರುವಾಯಿತು. ಪ್ರತಿ ಭಾನುವಾರ ಅಪ್ಪ ನನ್ನೊಂದಿಗೆ ಬಂದು, ಅಲ್ಲಿಯ ಮಂಚದ ಮೇಲೆ ಕೂತು ಭತ್ತಕ್ಕೆ ಬರುವ ಗುಬ್ಬಿ ಓಡಿಸುವರು. ಮಾಣಿಕ್ಯಮ್ಮನಿಗೆ ಇಂಗ್ಲಿಷ್ ಬರದು. ಪರೀಕ್ಷೆಯಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದ ಮಾಡಬೇಕು. ಹಾಗಾಗಿ ಆಕೆ ಫ್ರೆಂಚಿನಿಂದ ತೆಲುಗಿಗೆ ತರುವರು, ನಾನು ಅದನ್ನು ಮನಸ್ಸಿನಲ್ಲೇ ಕನ್ನಡ ಮಾಡಿ, ಅಲ್ಲಿಂದ ಇಂಗ್ಲಿಷಿಗೆ ದಾಟಿಸುವೆ. ಇಷ್ಟು ಊರು ತಿರುಗಿ ಬರುವಷ್ಟರಲ್ಲಿ ಪಾಠದಲ್ಲಿ ಪ್ಯಾರಿಸ್ಸಿನ ಹೋಟೆಲಿನಲ್ಲಿ ಕೂತ ಮುದುಕ ಎಷ್ಟೋ ಸಲ ಸಿರುಗುಪ್ಪದ ಖಾನಾವಳಿಯಲ್ಲಿ ಬಂದು ಕೂತಿರುತ್ತಿದ್ದ. ಆಕೆ ಕಟ್ಟುನಿಟ್ಟು. ಕ್ರಿಯಾಪದ ತಪ್ಪಿದರೆ ಊಟವಿಲ್ಲ ಎನ್ನುವರು. ಆದರೆ ಊಟದ ಹೊತ್ತಿಗೆ ತಾವೇ ಮರೆತು, ಗೋಂಗೂರ ಪಚ್ಚಡಿ ಬಡಿಸಿ, ಅದಕ್ಕೆ ಫ್ರೆಂಚಿನಲ್ಲಿ ಹೆಸರೇ ಇಲ್ಲವೆಂದು ಆ ಭಾಷೆಯನ್ನೇ ಬೈಯುವರು. ಕ್ಯಾಂಪಿನ ಹೆಂಗಸರು ಬೇಲಿಯಾಚೆ ನಿಂತು ನೋಡುವರು. ಮೊದಮೊದಲು ನಕ್ಕರು. ಆಮೇಲೆ ಯಾರೋ ಒಬ್ಬಾಕೆ, "ಮಾಣಿಕ್ಯಮ್ಮಾ, ನೀನು ಸಾಲಿ ಟೀಚರಮ್ಮ ಆಗಬೇಕಿತ್ತು" ಎಂದಳು. ಮಾಣಿಕ್ಯಮ್ಮ ಕೇಳಿಸದವರ ಹಾಗೆ ಪುಟ ತಿರುಗಿಸಿದರು.

ಪರೀಕ್ಷೆಯ ದಿನ ಬಂತು. ಕಾಲೇಜಿನ ಎಲ್ಲ ಕೋಣೆಗಳಲ್ಲೂ ಹುಡುಗರು ತುಂಬಿದ್ದರು. ಮೂಲೆಯ ಒಂದು ಕೋಣೆಯಲ್ಲಿ ನಾನೊಬ್ಬಳೇ. ಖಾಲಿ ಬೆಂಚುಗಳು, ಒಬ್ಬ ಮೇಲ್ವಿಚಾರಕರು. ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಬರಲಿಲ್ಲ. ಮೇಲ್ವಿಚಾರಕರು ಹೊರಗೆ ಹೋಗಿ ಬಂದು, "ಹುಡುಕಾಕತ್ಯಾರಮ್ಮ" ಎಂದರು. ಮತ್ತೆ ಹೋದರು. ಕಿಟಕಿಯಿಂದ ಗೇಟಿನ ಹೊರಗೆ ನಿಂತ ಅಪ್ಪ ಕಾಣುತ್ತಿದ್ದರು. ಅವರಿಗೆ ಏನೂ ಗೊತ್ತಿಲ್ಲ. ನಾನು ಬರೆಯುತ್ತಿದ್ದೇನೆ ಎಂದುಕೊಂಡು ಈ ಕಡೆಗೇ ನೋಡುತ್ತಿದ್ದರು. ನಾನು ಖಾಲಿ ಡೆಸ್ಕಿನ ಮೇಲೆ ಸುಮ್ಮನೆ ಬಗ್ಗಿ ಬರೆಯುವವಳ ಹಾಗೆ ಪೆನ್ನು ಆಡಿಸಿದೆ. ಅಷ್ಟರಲ್ಲಿ ಪ್ರಿನ್ಸಿಪಾಲರೇ ಏದುಸಿರು ಬಿಡುತ್ತಾ ಓಡಿಬಂದರು. ಕೈಯಲ್ಲಿ ಒಂದು ತೆಳುವಾದ ಲಕೋಟೆ. ಬೇರೆ ಭಾಷೆಯ ಕಟ್ಟುಗಳ ಸಂದಿಯಲ್ಲಿ ಸೇರಿಕೊಂಡಿತ್ತಂತೆ. "ತಡ ಆದಷ್ಟು ಹೊತ್ತು ಹೆಚ್ಚಿಗಿ ಕೊಡ್ತೀವಿ, ಗಾಬ್ರಿ ಆಗಬ್ಯಾಡ, ಬರಿ" ಎಂದರು. ನನಗಿಂತ ಅವರೇ ಗಾಬರಿಯಾಗಿದ್ದರು. ಪತ್ರಿಕೆ ಬಿಚ್ಚಿ ಮೊದಲ ಪ್ರಶ್ನೆ ಓದಿದೆ. ತಿಳಿಯಿತು. ಎರಡನೆಯದೂ ತಿಳಿಯಿತು. ಎದೆಯ ಮೇಲಿನ ಮೂಟೆ ಯಾರೋ ಇಳಿಸಿಕೊಂಡ ಹಾಗಾಯಿತು.

ಫಲಿತಾಂಶ ಬಂದಾಗ ಪಾಸಾಗಿದ್ದೆ. ಫ್ರೆಂಚಿನಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ದೊಡ್ಡಪ್ಪ ಪೇಪರಿನಲ್ಲಿ ನಂಬರನ್ನು ತಾವೇ ಬೆರಳಿಟ್ಟು ನೋಡಿ, ಸ್ವಲ್ಪ ಹೊತ್ತು ಕೆಮ್ಮಿ, "ಆ ನರ್ಸಿಂಗಿಂದು ಯಾವಾಗಂತ ಕೇಳ್ರಿ ಸರೋಜನ್ನ" ಎಂದರು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಸರೋಜ ಆಗಲೇ ಕೇಳಿಸಿಕೊಂಡಿದ್ದಳು.

ಅಪ್ಪನೂ ನಾನೂ ಪೇಡೆ ಕಟ್ಟಿಸಿಕೊಂಡು ಸಿರುಗುಪ್ಪಕ್ಕೆ ಹೋದೆವು. ಮಾಣಿಕ್ಯಮ್ಮ ಪೇಡೆ ಕೆಳಗಿಟ್ಟರು, ಅಂಕ ಎಷ್ಟೆಂದು ಕೇಳಲಿಲ್ಲ. "ಪ್ರಶ್ನಿ ಕಾಗದ ತಂದೀಯೇನು?" ಎಂದರು. ಚೀಲದಲ್ಲಿತ್ತು, ಕೊಡಹೋದೆ. ತೆಗೆದುಕೊಳ್ಳಲಿಲ್ಲ. ಬೇವಿನ ನೆರಳಿನ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಸೆರಗು ಸರಿಮಾಡಿಕೊಂಡು, ತಾವು ಎದುರಿಗೆ ನಿಂತರು.

"ನೀನು ಕೇಳು. ನಾನು ಹೇಳ್ತೀನಿ."

ಕೇಳಿದೆ. ಒಂದೊಂದಕ್ಕೂ ನಿಂತೇ ಉತ್ತರ ಹೇಳಿದರು. ಇಂಗ್ಲಿಷಿನಲ್ಲಿ ಬರೆಯಬೇಕಾದಲ್ಲಿ ತೆಲುಗಿನಲ್ಲಿ ಹೇಳಿದರು. ಒಂದು ಕಡೆ ತಪ್ಪಿದರು, ತಾವೇ "ತಡಿ, ತಡಿ" ಎಂದು ತಿದ್ದಿಕೊಂಡರು. ಹಣೆಯಲ್ಲಿ ಬೆವರು ಮೂಡಿತ್ತು. ಕೊನೆಯ ಪ್ರಶ್ನೆ ಮುಗಿದ ಮೇಲೆ ಹೇಳಿದರು: ಯಾನಾಂನಲ್ಲಿ ಆಕೆಯ ತಂದೆ ಫ್ರೆಂಚ್ ಶಾಲೆಯ ಮೇಷ್ಟ್ರು. ಆಕೆಯೂ ಟೀಚರ್ ಆಗಬೇಕೆಂದು ಒಂದು ಪರೀಕ್ಷೆಗೆ ಓದಿಕೊಂಡಿದ್ದರು. ಆ ವರ್ಷವೇ ಫ್ರೆಂಚರು ಊರು ಬಿಟ್ಟರು. ಊರೆಲ್ಲ ಬಾವುಟ ಹಿಡಿದು ಕುಣಿಯಿತು, ನಾವೂ ಕುಣಿದೆವು ಎಂದರು. ಪರೀಕ್ಷೆ ಮಾತ್ರ ನಡೆಯಲಿಲ್ಲ. ಆಮೇಲೆ ಮದುವೆ, ಆಮೇಲೆ ಈ ಊರು.

ಇಷ್ಟು ಹೇಳಿ, ಮಂಚದ ಮೇಲೆ ಕೂತಿದ್ದ ಅಪ್ಪನ ಕಡೆ ತಿರುಗಿ, ನಗುತ್ತಾ ಕೇಳಿದರು, "ಏನ್ರಿ, ನಾನು ಪಾಸೋ ಫೇಲೋ?"

ಅಪ್ಪನಿಗೆ ಒಂದಕ್ಷರ ತಿಳಿದಿರಲಿಲ್ಲ. ಆದರೂ ಎದ್ದು ನಿಂತರು. ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಪಾಸ್ ರೀ ತಾಯಿ. ಫಸ್ಟ್ ಕ್ಲಾಸು" ಎಂದರು. ಮಾಣಿಕ್ಯಮ್ಮ ತಟ್ಟನೆ ಒಳಗೆ ಹೋದರು. ಹೊರಗೆ ಬಂದಾಗ ಮುಖ ತೊಳೆದಿದ್ದರು. ಮೊದಲ ಪೇಡೆ ತೆಗೆದು ರಾಜುಗಾರ ಬಾಯಿಗಿಟ್ಟರು. ಅವರು ಯಾರ ಎದುರಿಗೂ ನಗದವರು, ಅಂದು ಬಾಯಿ ತುಂಬ ಪೇಡೆ ಇಟ್ಟುಕೊಂಡು ನಕ್ಕರು. ವಾಪಸ್ಸಿನ ಬಸ್ಸಿನಲ್ಲಿ ಅಪ್ಪ ನನ್ನ ಹೆಗಲಿಗೆ ಒರಗಿ, ಬಳ್ಳಾರಿ ಬರುವವರೆಗೂ ಗೊರಕೆ ಹೊಡೆದರು.

ಫ್ರೆಂಚ್ ನನಗೆ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದೆ. ನನ್ನ ಅಂಕ ಎಷ್ಟು ಬಂದಿತ್ತೆಂದು ಈಗ ಕೇಳಿದರೆ ಹೇಳಲಾರೆ. ಅಪ್ಪ ಹೋಗಿ ಬಹಳ ಕಾಲವಾಯಿತು, ರಾಜುಗಾರೂ ಹೋದರು. ಮಾಣಿಕ್ಯಮ್ಮ ಮಗನ ಜೊತೆ ಅದೇ ಕ್ಯಾಂಪಿನಲ್ಲಿದ್ದಾರೆ, ಎಂಬತ್ತು ದಾಟಿದೆ. ಮೊದಲು ಆಗಾಗ ಹೋಗಿ ಬರುತ್ತಿದ್ದೆ. ಈಚೆಗೆ ಮೊಣಕಾಲು ನೋವೆಂದು ಹೋಗಿರಲಿಲ್ಲ. ಇಷ್ಟು ಬರೆದು ಪೆನ್ನು ಕೆಳಗಿಟ್ಟು ಫೋನ್ ಮಾಡಿದೆ. ಮಗ ಎತ್ತಿಕೊಂಡು ಆಕೆಯ ಕಿವಿಗೆ ಹಿಡಿದ. ನಾಳೆ ಬರುತ್ತೇನೆ ಎಂದೆ. ಯಾಕೆ, ಏನು ಎಂದು ಕೇಳಲಿಲ್ಲ.

"ಊಟಕ್ಕ ಇಲ್ಲೇ ಇರು. ಎಷ್ಟು ಗಂಟಿ ಬಸ್ಸಿಗೆ ಬರ್ತೀ?" ಎಂದರು.