ಸೊಸೆಯ ಪಿಂಚಣಿಗೆ ಅತ್ತೆಯ ಸಾಕ್ಷಿ

ಸುಮಿತ್ರಮ್ಮನವರು ದೆಹಲಿಗೆ ಬಂದು ಮೂವತ್ತು ವರ್ಷ ಕಳೆದಿದ್ದರೂ ಹಿಂದಿ ಅವರ ನಾಲಗೆಗೆ ಒಗ್ಗಿರಲಿಲ್ಲ. ತರಕಾರಿ ಭಯ್ಯಾನ ಗಾಡಿಯ ಮುಂದೆ "ಭಿಂಡಿ ಕಿತನಾ" ಎಂದು ಶುರು ಮಾಡಿ ಉಳಿದ ಜಗಳವನ್ನೆಲ್ಲ ಕನ್ನಡದಲ್ಲೇ ಮುಗಿಸುತ್ತಿದ್ದರು. ಒಂದೇ ಒಂದು ವಾಕ್ಯ ಮಾತ್ರ ತಪ್ಪಿಲ್ಲದೆ, ತಡವರಿಸದೆ ಬರುತ್ತಿತ್ತು. ರೋಹಿಣಿ ಬಡಾವಣೆಯ ಆ ಫ್ಲ್ಯಾಟಿನ ಮೆಟ್ಟಿಲ ಮೇಲೆ ಯಾರು ಸಿಕ್ಕರೂ ಸರಿ, ಹಿಂದೆ ನಿಂತ ಸೊಸೆಯ ಕಡೆ ಗದ್ದ ಎತ್ತಿ ತೋರಿಸಿ, "ಇಸ್ಕೋ ಬಚ್ಚಾ ನಹೀಂ ಹುವಾ" ಎನ್ನುತ್ತಿದ್ದರು. ಇವಳಿಗೆ ಮಗು ಆಗಲಿಲ್ಲ. ಹೊಸದಾಗಿ ಬಂದ ಬಾಡಿಗೆಯವರಿಗೆ ಸೊಸೆಯ ಹೆಸರಿಗಿಂತ ಮೊದಲು ಈ ಸುದ್ದಿ ತಲುಪುತ್ತಿತ್ತು.

ಹೆಸರು ಪದ್ಮಾ. ಹಾಸನದ ಹುಡುಗಿ, ಪಿಯುಸಿ ಓದಿದ್ದಳು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಚಂದ್ರಶೇಖರನ ಕೈ ಹಿಡಿದು ಈ ಊರಿಗೆ ಬಂದಳು. ಗಂಡ ಒಳ್ಳೆಯವನು, ಆದರೆ ಅಮ್ಮನ ಮುಂದೆ ಬಾಯಿ ಬಿಡದ ಒಳ್ಳೆಯವನು. ಮೆಟ್ಟಿಲ ಮೇಲಿನ ಮಾತು ಕೇಳಿಸಿದರೆ ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿಬಿಡುತ್ತಿದ್ದ. ಮದುವೆಯಾದ ಐದನೇ ವರ್ಷ ಕಚೇರಿಯ ಕುರ್ಚಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟ. ಹೆಣದ ಮುಂದೆ ಕೂತ ಸುಮಿತ್ರಮ್ಮ ಅಳುತ್ತಳುತ್ತಲೇ, "ಒಂದು ಮಗೂನಾದ್ರೂ ಕೊಟ್ಟಿದ್ಯೇನೇ ನನ್ನ ಮಗನಿಗೆ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಪದ್ಮಾ ಕ್ಷಮಿಸಲಿಲ್ಲ. ಕ್ಷಮಿಸುವಂಥದ್ದೂ ಅಲ್ಲ ಬಿಡಿ.

ಗಂಡ ಸತ್ತ ಮೇಲೆ ಪದ್ಮಾಳ ಹೆಸರಿಗೆ ಕುಟುಂಬ ಪಿಂಚಣಿ ಬರತೊಡಗಿತು. ಮಾವ ಖಾಸಗಿ ಕಂಪನಿಯಲ್ಲಿ ದುಡಿದು ಏನೂ ಬಿಡದೆ ಹಿಂದೆಯೇ ತೀರಿಕೊಂಡಿದ್ದರಿಂದ ಆ ಮನೆಯ ಒಲೆ ಉರಿಯುತ್ತಿದ್ದದ್ದೇ ಅದರಿಂದ. ತಿಂಗಳ ಕೊನೆಗೆ ಅತ್ತೆ ಸೊಸೆ ಇಬ್ಬರೂ ಪೀತಮ್‌ಪುರದ ಬ್ಯಾಂಕಿಗೆ ಹೋಗುವುದು, ಸೊಸೆ ಸಹಿ ಹಾಕುವುದು, ಅತ್ತೆ ದುಡ್ಡನ್ನು ತಮ್ಮ ಚೀಲಕ್ಕೆ ಸೇರಿಸುವುದು. ಪದ್ಮಾ ಒಂದು ಜೊತೆ ಚಪ್ಪಲಿಗೂ ಕೈ ಚಾಚಬೇಕು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದೇವೆ ಎಂದು ಬರೆದುಕೊಡಬೇಕಷ್ಟೆ. ಆ ಬ್ಯಾಂಕಿನವರು ವಿಧವೆಯರನ್ನು ಇನ್ನೊಂದು ಮಾತೂ ಕೇಳುತ್ತಿದ್ದರು, ಮತ್ತೆ ಮದುವೆಯಾಗಿದ್ದೀರಾ ಅಂತ. ಪದ್ಮಾ ತಲೆಯಾಡಿಸುವ ಮೊದಲೇ ಸುಮಿತ್ರಮ್ಮ "ನಹೀಂ ನಹೀಂ" ಎಂದು ಕೌಂಟರಿನೊಳಕ್ಕೇ ಮುಖ ತೂರಿಸುತ್ತಿದ್ದರು. ಸೊಸೆಯ ವೈಧವ್ಯಕ್ಕೆ ಅಷ್ಟು ಕಾವಲಿತ್ತು.

ಅಂಥ ಅತ್ತೆ ಎರಡು ಸಾವಿರದ ಎಂಟರ ಯುಗಾದಿ ಕಳೆದ ಮೇಲೆ ಒಂದು ದಿನ ಒಬ್ಬಟ್ಟು ತಟ್ಟುತ್ತಾ, "ಇನ್ನೂ ಚಿಕ್ಕವಳು ಕಣೇ ನೀನು. ಎಷ್ಟು ದಿನಾಂತ ಹೀಗೇ ಇರ್ತೀಯ? ಒಬ್ಬ ಒಳ್ಳೇವನನ್ನ ನೋಡ್ತೀನಿ" ಎಂದರು. ಪದ್ಮಾಳ ಕೈಯಲ್ಲಿದ್ದ ಹೂರಣದ ಉಂಡೆ ಹಾಗೇ ನಿಂತಿತು. ಆ ರಾತ್ರಿ ಅವಳು ಅತ್ತಳು, ಇಷ್ಟು ವರ್ಷ ಈ ಹೆಂಗಸನ್ನು ಸುಮ್ಮನೆ ಶಪಿಸಿದೆನಲ್ಲ ಎಂದು. ಆ ಕಣ್ಣೀರು ದಂಡವಾಯಿತು ಎನ್ನುವುದು ಅವಳಿಗೆ ಗೊತ್ತಾಗಲು ಕೆಲವು ತಿಂಗಳು ಬೇಕಾಯಿತು.

ಗಂಡು ಸಿಕ್ಕಿದ್ದು ಕನ್ನಡ ಸಂಘದ ಪರಿಚಯದಲ್ಲಿ. ಶಂಕರ, ಕಾಲೇಜೊಂದರ ಗ್ರಂಥಪಾಲಕ, ಹೆಂಡತಿಯಿಂದ ವಿಚ್ಛೇದನ ಪಡೆದವನು. ಮನೆಗೆ ಬಂದಾಗ ಸುಮಿತ್ರಮ್ಮ ಎಂದಿನಂತೆ ಮಗುವಿನ ವಿಷಯ ತೆಗೆದರು, ಈ ಸಲ ಕನ್ನಡದಲ್ಲಿ. ಅವನು "ಅದಿರಲಿ" ಎಂದು ಪದ್ಮಾಳ ಕಡೆ ತಿರುಗಿ, "ನಿಮಗೆ ಇಷ್ಟ ಇದೆಯಾ ಈ ಮದುವೆ?" ಎಂದು ಕೇಳಿದ. ಆ ಮನೆಯಲ್ಲಿ ಅವಳ ಇಷ್ಟವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಹೂಂ ಎಂದಳು.

ಒಳಗಿನ ಹೂರಣ ಹೊರಬಿದ್ದದ್ದು ಮೈದುನ ಇಂದುಶೇಖರನ ಬಾಯಿಂದ. ಅವನು ಗುಡಗಾಂವದ ಯಾವುದೋ ಗಾಜಿನ ಕಟ್ಟಡದಲ್ಲಿ ಮ್ಯಾನೇಜರು. ಹೆಂಡತಿ ಹರ್ಷಿಣಿಗೆ ಅತ್ತೆ ಮೂರು ದಿನಕ್ಕಿಂತ ಹೆಚ್ಚು ಇದ್ದರೆ ತಲೆನೋವು ಬರುತ್ತದೆಂದು ಅಮ್ಮನನ್ನು ರೋಹಿಣಿಯಲ್ಲೇ ಬಿಟ್ಟಿದ್ದ. ಒಂದು ಭಾನುವಾರ ಬಂದವನು ಸೋಫಾದ ಮೇಲೆ ಕಾಲು ಮಡಚಿ ಕೂತು ಹೇಳಿದ:

"ಅತ್ತಿಗೆ, ನೀವು ಮದುವೆಯಾದ ದಿನವೇ ಪೆನ್ಷನ್‌ನಿಂದ ನಿಮ್ಮ ಹೆಸರು ಹೋಗುತ್ತೆ. ಆಮೇಲೆ ಅಣ್ಣನ ಡಿಪೆಂಡೆಂಟ್ ಅಂದ್ರೆ ಅಮ್ಮ ತಾನೇ? ಅಮ್ಮನಿಗೆ ಬರುತ್ತೆ. ನಿಮಗೆ ಗಂಡ, ಅಮ್ಮನಿಗೆ ಪೆನ್ಷನ್. ವಿನ್-ವಿನ್."

ರೇಷನ್ ಕಾರ್ಡಿನಲ್ಲಿ ಒಂದು ಹೆಸರು ಹೊಡೆದುಹಾಕಿದರೆ ಮುಂದಿನ ಹೆಸರಿಗೆ ಸಕ್ಕರೆ ಸಿಗುವ ಹಾಗೆ ಪಿಂಚಣಿಯೂ ಕೆಳಗಿಳಿದು ಬರುತ್ತದೆ ಎಂದು ಅವನು ತಿಳಿದಿದ್ದ. ಯಾರನ್ನೂ ವಿಚಾರಿಸಿರಲಿಲ್ಲ. ಎಂಬಿಎ ಮಾಡಿದವನು ವಿಚಾರಿಸುತ್ತಾನೆಯೇ? ಪದ್ಮಾ ಅತ್ತೆಯ ಮುಖ ನೋಡಿದಳು. ಸುಮಿತ್ರಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ನಂಗೂ ವಯಸ್ಸಾಯ್ತು. ಇವನ ಹೆಂಡತಿ ಮುಂದೆ ಕೈ ಚಾಚಲಾ?" ಎಂದರು. ಅವರ ಮಾತಿನಲ್ಲಿದ್ದ ಭಯ ನಿಜವಾದದ್ದೇ. ಆದರೆ ಆ ಭಯಕ್ಕೆ ಬೆಲೆ ತೆರಬೇಕಾದವಳು ಪದ್ಮಾ. ಶಂಕರ ಒಳ್ಳೆಯವನಿರಬಹುದು. ಚಂದ್ರಶೇಖರನೂ ಒಳ್ಳೆಯವನೇ ಆಗಿದ್ದ. ತನ್ನದೆನ್ನುವ ಒಂದು ರೂಪಾಯಿ ಇಲ್ಲದೆ ಇನ್ನೊಂದು ಮನೆಯಲ್ಲಿ ಮತ್ತೆ ಚಪ್ಪಲಿಗೆ ಕೈ ಚಾಚುವ ಬದುಕು ಅವಳಿಗೆ ಬೇಡವಾಗಿತ್ತು. ಮದುವೆ ಬೇಡವೆಂದುಬಿಡಲೇ ಎಂದು ವಾರಗಟ್ಟಲೆ ಒದ್ದಾಡಿದಳು.

ಅಷ್ಟರಲ್ಲಿ ಆರನೇ ವೇತನ ಆಯೋಗದ ಆದೇಶಗಳು ಬಂದವು. ದೆಹಲಿಯ ಬಸ್ಸು, ಮೆಟ್ರೋ, ಹಾಲಿನ ಬೂತು ಎಲ್ಲೆಲ್ಲೂ ಅದೇ ಮಾತು. ಪಿಂಚಣಿ ಏರಿತು, ಹಿಂದಿನ ಬಾಕಿಯೂ ಬರುತ್ತದೆ ಎಂದು ಗೊತ್ತಾದದ್ದೇ ಇಂದುಶೇಖರನಿಗೆ ನಿದ್ದೆ ಹಾರಿಹೋಯಿತು. ಬಾಕಿ ಕೈಸೇರುವ ಮೊದಲೇ ಅತ್ತಿಗೆ ಮದುವೆಯಾಗಿಬಿಟ್ಟರೆ? "ನೀವೇ ಅಣ್ಣನ ಆಫೀಸಿಗೆ ಹೋಗಿ ಕೇಳಿಕೊಂಡು ಬನ್ನಿ ಅತ್ತಿಗೆ, ಅರಿಯರ್ಸ್ ಯಾವಾಗ ಅಂತ. ನಂಗೆ ಮೀಟಿಂಗ್ ಇದೆ" ಎಂದು ಅಟ್ಟಿದ. ಅವನು ತನ್ನ ಜೀವಮಾನದಲ್ಲಿ ಅವಳಿಗೆ ಮಾಡಿದ ಒಂದೇ ಉಪಕಾರ ಅದು, ಅದೂ ಗೊತ್ತಿಲ್ಲದೆ.

ಪಿಂಚಣಿ ವಿಭಾಗದಲ್ಲಿದ್ದ ಪಂಜಾಬಿ ಮೇಡಂ ಫೋನಿನಲ್ಲಿ ಮಗನನ್ನು ಗದರಿಸುತ್ತಲೇ, ಬಾಕಿ ಎರಡು ಕಂತಿನಲ್ಲಿ, ಒಂದು ಈ ವರ್ಷ ಇನ್ನೊಂದು ಮುಂದಿನ ವರ್ಷ ಎಂದರು. ಪದ್ಮಾ ಎದ್ದು ಹೊರಟವಳು ಬಾಗಿಲ ಹತ್ತಿರ ನಿಂತು, ತನಗೆ ಬರುವ ಹಿಂದಿಯಲ್ಲಿ ಕೇಳಿಯೇಬಿಟ್ಟಳು, ನಾನು ಮದುವೆಯಾದರೆ ಪಿಂಚಣಿ ಅತ್ತೆಗೆ ಹೋಗುತ್ತದೆಯೇ ಎಂದು.

"ಅತ್ತೆಗಾ? ಯಾರು ಹೇಳಿದ್ದು?" ಮೇಡಂ ಫೋನು ಕೆಳಗಿಟ್ಟರು. "ನೌಕರ ಸಾಯುವಾಗ ಅವನಿಗೆ ಹೆಂಡತಿ ಇದ್ದರೆ ತಾಯಿಗೆ ಬರಲ್ಲ. ಹಿಂದೆ ಆಗಿದ್ದರೆ ನೀವು ಮದುವೆಯಾದ ದಿನ ನಿಂತುಹೋಗುತ್ತಿತ್ತು, ಅಷ್ಟೆ. ಮಕ್ಕಳಿದ್ದಾರಾ ನಿಮಗೆ?"

ಪದ್ಮಾಳ ತಲೆ ಅಭ್ಯಾಸಬಲದಿಂದ ತಗ್ಗಿತು. ಇಲ್ಲ ಎಂದಳು.

"ಅಚ್ಛಾ! ಹಾಗಾದರೆ ಕೇಳಿ. ಈಗಿನ ಆದೇಶದಲ್ಲಿ ಮಕ್ಕಳಿಲ್ಲದ ವಿಧವೆ ಮತ್ತೆ ಮದುವೆಯಾದರೂ ಪಿಂಚಣಿ ನಿಲ್ಲಲ್ಲ. ನಿಮ್ಮ ಸ್ವಂತ ಆದಾಯ ಮಿತಿ ದಾಟಬಾರದು, ಆರು ತಿಂಗಳಿಗೊಮ್ಮೆ ಅದನ್ನು ಬರೆದುಕೊಡಬೇಕು. ಗಂಡನ ಸಂಬಳ ಲೆಕ್ಕಕ್ಕಿಲ್ಲ. ಪ್ರತಿ ಬೇಕಾ?"

ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಮೆಟ್ರೋದಲ್ಲಿ ಕೂತಾಗ ಪದ್ಮಾಳಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಈ ಆದೇಶ ಬರದಿದ್ದರೆ, ಆ ಮೂರ್ಖನ ವಿನ್-ವಿನ್ ನಂಬಿ ಮನೆಯವರು ತನ್ನ ಅನ್ನವನ್ನೂ ಅತ್ತೆಯ ಅನ್ನವನ್ನೂ ಒಟ್ಟಿಗೆ ಮೋರಿಗೆ ಸುರಿದುಬಿಡುತ್ತಿದ್ದರು. ಮಗುವಿಲ್ಲ ಎನ್ನುವ ಮಾತು ಇಷ್ಟು ವರ್ಷ ಬೆನ್ನ ಮೇಲೆ ಬೀಳುತ್ತಿತ್ತು. ಈಗ ಅದೇ ಮಾತು ಸರ್ಕಾರದ ಕಾಗದದಲ್ಲಿ ಅವಳ ಪರ ನಿಂತಿತ್ತು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ರೋಹಿಣಿ ಬಂದದ್ದೂ ಗೊತ್ತಾಗದೆ ಮುಂದಿನ ನಿಲ್ದಾಣದಲ್ಲಿ ಇಳಿದಳು.

ಸಂಜೆ ಫೋನು ಮಾಡಿದ ಇಂದುಶೇಖರನಿಗೆ ಎರಡು ಕಂತಿನ ವಿಷಯ ಹೇಳಿದಳು. ಮೊದಲನೆಯದು ಮದುವೆಗೆ ಮುಂಚೆ ಬರುತ್ತದೆ, ಎರಡನೆಯದು ಅಮ್ಮನಿಗೆ ಎಂದು ಅವನು ನಿರಾಳನಾದ.

"ಬೇರೇನಾದ್ರೂ ಅಂದ್ರಾ ಅತ್ತಿಗೆ?"

"ನೀನು ಕೇಳು ಅಂದಿದ್ದು ಅಷ್ಟೇ ಅಲ್ವಾ ಇಂದು?"

ಶಂಕರನಿಗೆ ಮಾತ್ರ ಎಲ್ಲ ಹೇಳಿದಳು. ಅವನು, "ಅವರಿಗೂ ಹೇಳಿಬಿಡೋದು ಒಳ್ಳೇದಲ್ವಾ?" ಎಂದ. "ಬೇಡ" ಎಂದಳು ಪದ್ಮಾ. ಅವನು ಮತ್ತೆ ಒತ್ತಾಯಿಸಲಿಲ್ಲ.

ದೀಪಾವಳಿಗೆ ಮುಂಚೆ ರಿಜಿಸ್ಟರ್ ಮದುವೆಯಾಯಿತು. ಕನ್ನಡ ಸಂಘದಲ್ಲಿ ಊಟ. ಸುಮಿತ್ರಮ್ಮ ತಾವೇ ನಿಂತು ಬಿಸಿಬೇಳೆಬಾತ್ ಬಡಿಸಿದರು. ಸಂಘದ ಕಾರ್ಯದರ್ಶಿ ಮೈಕು ಹಿಡಿದು, ಸೊಸೆಯನ್ನು ಮಗಳಂತೆ ಧಾರೆಯೆರೆದ ಮಹಾತಾಯಿ ಎಂದು ಹೊಗಳಿ ಶಾಲು ಹೊದಿಸಿದರು. ಮಹಾತಾಯಿ ಕಣ್ಣೊರೆಸಿಕೊಂಡರು. ಪದ್ಮಾ ಹಲ್ಲು ಕಚ್ಚಿಕೊಂಡು ಎಲೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು.

ನವೆಂಬರಿನಲ್ಲಿ ತಾಯಿ ಮಗ ಇಬ್ಬರೂ ಅವಳನ್ನು ಬ್ಯಾಂಕಿಗೆ ಕರೆಸಿಕೊಂಡರು. ಸ್ವೆಟರು ಶಾಲು ಹೊದ್ದ ಮುದುಕ ಮುದುಕಿಯರ ಸಾಲು ಬಾಗಿಲವರೆಗೂ ಇತ್ತು. ಸರದಿ ಬಂದಾಗ ಇಂದುಶೇಖರ ಮುಂದೆ ನುಗ್ಗಿ, ಇವರಿಗೆ ಮದುವೆಯಾಗಿದೆ, ಇವರ ಪಿಂಚಣಿ ನಿಲ್ಲಿಸಿ ನಮ್ಮ ತಾಯಿಗೆ ಕೊಡಿ ಎಂದ. ಪದ್ಮಾ ಆದೇಶದ ಪ್ರತಿಯನ್ನು ಕಿಂಡಿಯೊಳಗೆ ತಳ್ಳಿದಳು. ಗುಮಾಸ್ತ ಓದಿದ, ಮ್ಯಾನೇಜರ ಕೋಣೆಗೆ ಹೋಗಿ ಬಂದ. "ಮೇಡಂದು ನಡೆಯುತ್ತೆ. ಮಾತಾಜಿಗೆ ಏನೂ ಬರಲ್ಲ" ಎಂದ.

"ಅದು ಹೇಗೆ?" ಇಂದುಶೇಖರ ಕಿರುಚಿದ. ಗುಮಾಸ್ತ ಪ್ರತಿಯನ್ನು ಅವನ ಕಡೆ ತಿರುಗಿಸಿದ. ಅವನು ಓದಿದ, ಮತ್ತೆ ಓದಿದ. ಕಿವಿ ಕೆಂಪಾದವು. "ನಿಮಗೆ ಮೊದಲೇ ಗೊತ್ತಿತ್ತು!" ಎಂದ ಅತ್ತಿಗೆಗೆ.

"ನಿಂಗೂ ಗೊತ್ತಿರಬೇಕಿತ್ತಪ್ಪ. ಓದಿದೋನು" ಎಂದಳು ಪದ್ಮಾ.

ಗುಮಾಸ್ತನಿಗೆ ಈ ರಾಮಾಯಣ ಬೇಕಿರಲಿಲ್ಲ. ಮಕ್ಕಳಿಲ್ಲ ಎನ್ನುವುದಕ್ಕೆ ಗೊತ್ತಿರುವವರೊಬ್ಬರು ಸಾಕ್ಷಿ ಹಾಕಬೇಕು, ಯಾರು ಹಾಕುತ್ತೀರಿ ಎಂದು ಕೇಳಿದ. ಪದ್ಮಾ ಅತ್ತೆಯ ಕಡೆ ತಿರುಗಿದಳು.

"ಹೇಳಿ ಅತ್ತೆ. ಇಷ್ಟು ವರ್ಷ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದ್ರಲ್ಲ, ಇಲ್ಲೂ ಒಂದ್ಸಲ ಹೇಳಿಬಿಡಿ."

ಸುಮಿತ್ರಮ್ಮ ಮಗನ ಕಡೆ ನೋಡಿದರು, ಕಿಂಡಿಯ ಕಡೆ ನೋಡಿದರು. ಕೊನೆಗೆ ಶಾಲನ್ನು ಬಿಗಿಯಾಗಿ ಸುತ್ತಿಕೊಂಡು, "ನಂಗೆ ಹಿಂದಿ ಬರಲ್ಲ" ಎಂದರು.

ಸಾಲಿನಲ್ಲಿ ಹಿಂದೆ ನಿಂತಿದ್ದ ಕೆಳಗಿನ ಮನೆಯ ಖುರಾನಾ ಆಂಟಿಗೆ ಕನ್ನಡ ತಿಳಿಯದಿದ್ದರೂ ಗುಮಾಸ್ತ ಕೇಳಿದ್ದು ತಿಳಿದಿತ್ತು. ಕಾಲು ನೋವಿನ ಮುದುಕಿ, ಬೇಗ ಮುಗಿದರೆ ಸಾಕಾಗಿತ್ತು. "ಅರೇ ಭಯ್ಯಾ, ಇಸ್ಕೋ ಬಚ್ಚಾ ನಹೀಂ ಹುವಾ" ಎಂದು ಬ್ಯಾಂಕಿಗೆಲ್ಲ ಕೇಳುವಂತೆ ಕೂಗಿದರು. "ಪೂರಾ ಬ್ಲಾಕ್ ಜಾನ್ತಾ ಹೈ, ಇಡೀ ಬ್ಲಾಕಿಗೇ ಗೊತ್ತು. ಈ ಮಾತಾಜಿಯೇ ನನಗೆ ಮೊದಲ ದಿನ ಹೇಳಿದ್ದು. ಎಲ್ಲಿ, ಪೆನ್ನು ಕೊಡು."

ಅದೇ ವಾಕ್ಯ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಪದ್ಮಾ ಈ ಸಲ ತಲೆ ತಗ್ಗಿಸಲಿಲ್ಲ. ಎದೆಯೊಳಗೆ ಚುಚ್ಚಿದ್ದು ನಿಜ, ಅದು ಎಂದೂ ಚುಚ್ಚದೆ ಇರುವ ಮಾತಲ್ಲ. ಆಂಟಿ ಸಾಕ್ಷಿ ಹಾಕಿದ ಮೇಲೆ ಅವಳು ತನ್ನ ಸಹಿ ಹಾಕಿ, ಪಾಸ್‌ಬುಕ್ಕನ್ನು ಮೊದಲ ಸಲ ತನ್ನ ಚೀಲಕ್ಕೆ ಸೇರಿಸಿದಳು.

ಇಂದುಶೇಖರ ಹರ್ಷಿಣಿಗೆ ಫೋನು ಮಾಡುತ್ತಾ ಹೊರಗೆ ಹೋದವನು ವಾಪಸು ಬರಲಿಲ್ಲ. ಅವನ ಕಾರು ಹೊರಟ ಸದ್ದು ಒಳಗೇ ಕೇಳಿಸಿತು. ಸುಮಿತ್ರಮ್ಮ ಗೋಡೆ ಪಕ್ಕದ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. "ಪದ್ಮಾ, ನಾನು ಮನೆಗೆ ಹೇಗೆ ಹೋಗಲೇ?" ಎಂದರು.

ಪದ್ಮಾ ಚೀಲದಿಂದ ಆಟೋಗೆ ಬೇಕಾಗುವಷ್ಟು ಚಿಲ್ಲರೆ ತೆಗೆದು ಅವರ ಮಡಿಲಿಗೆ ಹಾಕಿದಳು.

"ಆಟೋದವನಿಗೆ ರೋಹಿಣಿ ಅನ್ನಿ ಅತ್ತೆ, ಸಾಕು. ಅದಕ್ಕೆ ಹಿಂದಿ ಬೇಕಾಗಲ್ಲ."