ದಳನಾಯಕ ಕಟ್ಟಿದ ಕಟ್ಟು

ಮೊನ್ನೆ ಮೊಮ್ಮಗ ಬೇಸಿಗೆ ಶಿಬಿರಕ್ಕೆ ಹೊರಟ. ಕಾಡಿನಲ್ಲಿ ಬದುಕುವುದು ಹೇಗೆ, ನಾಯಕನಾಗುವುದು ಹೇಗೆ ಎಂದು ಹತ್ತು ದಿನ ಕಲಿಸುತ್ತಾರಂತೆ. ಅವನ ಚೀಲದಲ್ಲಿದ್ದ ಟಿಂಚರ್ ಸೀಸೆಯ ಬಿರಡೆ ಸಡಿಲಾಗಿ ಮನೆ ತುಂಬ ವಾಸನೆ ಹಬ್ಬಿತು. ಆ ವಾಸನೆಗೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನಾನೂ ಒಂದು ಕಾಲಕ್ಕೆ ನಾಯಕನಾಗಿದ್ದವನು ಸ್ವಾಮಿ, ನಗಬೇಡಿ. ನಿಜಾಮರ ಆಳ್ವಿಕೆ ಹೋಗಿ ಐದಾರು ವರ್ಷವಾಗಿತ್ತು. ಮಸ್ಕಿಯ ನಮ್ಮ ಶಾಲೆಗೆ ಸಿಂಧನೂರು ಕಡೆಯಿಂದ ಕಸರತ್ತಿನ ಮಾಸ್ತರೊಬ್ಬರು ಬಂದರು. ಗುಡ್ಡದ ಬುಡದಲ್ಲಿ ನಮ್ಮನ್ನು ನಾಲ್ಕು ದಿನ ಇಟ್ಟುಕೊಂಡು ಎರಡೇ ಬೆಂಕಿಕಡ್ಡಿಯಲ್ಲಿ ಒಲೆ ಹಚ್ಚುವುದು, ಕಂಬಳಿಗೆ ಬಿದಿರು ಸಿಕ್ಕಿಸಿ ಗಾಯಾಳುವನ್ನು ಹೊರುವುದು, ಹಾವು ಕಚ್ಚಿದರೆ ಕಟ್ಟು ಕಟ್ಟುವುದು ಎಲ್ಲ ಕಲಿಸಿದರು. ಕುರಿ ಕಾಯುವವರ ಮಕ್ಕಳಿಗೂ ಒಲೆ ಹಚ್ಚಲು ಕಲಿಸಿದರೆಂದರೆ ಅವರ ಹುರುಪು ನೋಡಿ! ನನ್ನ ದನಿ ದೊಡ್ಡದು. ಅಷ್ಟಕ್ಕೇ ನನ್ನನ್ನು ದಳನಾಯಕನನ್ನಾಗಿ ಮಾಡಿ ಕೊರಳಿಗೆ ಹಳದಿ ರುಮಾಲು ಕಟ್ಟಿದರು. ಅಲ್ಪನಿಗೆ ಐಶ್ವರ್ಯ ಬಂದಂತಾಯಿತು. ಮನೆಗೆ ಬಂದ ಮೇಲೂ ರುಮಾಲು ತೆಗೆಯದೆ ಊಟಕ್ಕೆ ಕೂರುತ್ತಿದ್ದೆ.

ತಿಂಗಳು ಕಳೆದಿತ್ತು. ಶೇಂಗಾ ಕೀಳುವಾಗ ತಂಗಿ ಗೌರಿಯ ಬಲಗೈ ಬೆರಳಿಗೆ ಹಾವು ಕಚ್ಚಿತು. ಎಂಟು ವರ್ಷದ ಹುಡುಗಿ. ನಾನು ರುಮಾಲು ಬಿಚ್ಚಿ ಅವಳ ಮೊಣಕೈ ಕೆಳಗೆ ಬಿಗಿದೆ. ಸಾಲದೆಂದು ಕಡ್ಡಿ ಸಿಕ್ಕಿಸಿ ತಿರುವಿದೆ. ಅಜ್ಜಿ ಹಾವನ್ನು ಕಂಡಿದ್ದಳು.

"ಕೇರಿ ಹಾವಲೇ ಅದು, ವಿಷ ಇಲ್ಲ. ಕೂಸಿನ ಕೈ ಬಿಚ್ಚು!"

"ಡಾಕ್ಟರ್ ನೋಡೋ ತನಕ ಬಿಚ್ಚಬಾರದು. ಮಾಸ್ತರು ಹೇಳ್ಯಾರ."

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅದಕ್ಕೇ ಅಕ್ಷರ ಬಲ್ಲ ಮಗನ ಮೇಲೆ ಅಷ್ಟು ನಂಬಿಕೆ. "ನೀ ಸುಮ್ನಿರಬೇ. ಸಾಲಿ ಕಲ್ತಾಂವ ಹೇಳಾಕತ್ತಾನ" ಎಂದು ಅಜ್ಜಿಯ ಬಾಯಿ ಮುಚ್ಚಿಸಿ ಬಂಡಿ ಹೂಡಿದ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಲಿಂಗಸುಗೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಗೌರಿ ದಾರಿಯಲ್ಲಿ ಅಳುತ್ತಿದ್ದಳು. ನಾನು ಕಟ್ಟಿನ ಮೇಲೆ ಕೈಯಿಟ್ಟು ಕಾವಲು ಕೂತಿದ್ದೆ. ಮಧ್ಯಾಹ್ನ ಅಳು ನಿಂತಿತು. ಕಟ್ಟು ಕೆಲಸ ಮಾಡಿತು ಎಂದುಕೊಂಡೆ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಟಿಂಚರ್ ವಾಸನೆ ತುಂಬಿದ ಕೋಣೆಯಲ್ಲಿ ಡಾಕ್ಟರು ಬಿಚ್ಚಿದಾಗ ಕೈ ಕಪ್ಪಗಾಗಿತ್ತು. ವಿಷವಂತೂ ಇರಲೇ ಇಲ್ಲ. ಮೊಣಕೈವರೆಗೆ ಕತ್ತರಿಸಿ ತೆಗೆದರು.

ಊರೆಲ್ಲ ಮಾಸ್ತರ ಮೇಲೆ ತಿರುಗಿಬಿದ್ದಿತು. ಅಪ್ಪ ಶಾಲೆಯ ಮುಂದೆ ನಿಂತು ಶಾಪ ಹಾಕಿ ಮಣ್ಣು ತೂರಿದ. ಮಾಸ್ತರು ನನ್ನನ್ನು ಕರೆದು ಕೇಳಿದ್ದು ಒಂದೇ: "ಅರ್ಧ ತಾಸಿಗೊಮ್ಮೆ ಸಡಿಲ ಮಾಡ್ಬೇಕು ಅಂದಿದ್ದೆನಲ್ಲಪಾ, ನೀ ಬರ್ಕೊಳ್ಳಿಲ್ಲೇನು?"

ಉಳಿದ ಹುಡುಗರ ನೋಟ್‌ಬುಕ್ಕಿನಲ್ಲಿ ಅದು ಇತ್ತು. ನನ್ನದರಲ್ಲಿ ಇರಲಿಲ್ಲ. ನಾನು ನಾಯಕನಲ್ಲವೇ? ಎಲ್ಲರೂ ಬರೆಯುತ್ತಿದ್ದಾರೋ ಇಲ್ಲವೋ ಎಂದು ಬೆತ್ತ ಹಿಡಿದು ಸುತ್ತುತ್ತಿದ್ದೆ. ಉಳಿದ ಹುಡುಗರ ಮಾತನ್ನು ಊರು ಕೇಳುವುದಿಲ್ಲ, ಮಾಸ್ತರದು ತಪ್ಪಿಲ್ಲವೆಂದು ಹೇಳಬೇಕಾದವನು ನಾನು. ಅಪ್ಪನ ಮುಂದೆ ನನ್ನ ಆ ದೊಡ್ಡ ದನಿ ಹೊರಡಲೇ ಇಲ್ಲ. ವಾರದೊಳಗೆ ಮಾಸ್ತರು ಟ್ರಂಕು ಹೊತ್ತು ಊರು ಬಿಟ್ಟರು. ಅಪ್ಪ ಸಾಯುವ ತನಕ ಅವರನ್ನು ಬೈಯುತ್ತಲೇ ಇದ್ದ, ನಾನು ಕೇಳುತ್ತಲೇ ಇದ್ದೆ.

ಗೌರಿಗೆ ಮದುವೆಯಾಗಲಿಲ್ಲ, ನನ್ನ ಮನೆಯಲ್ಲೇ ಇದ್ದಾಳೆ. ಮೊನ್ನೆ ಮೊಮ್ಮಗ ಬಸ್ಸು ಹತ್ತಿದ ಮೇಲೆ ನನಗೇನಾಯಿತೋ, ಅವಳ ಎದುರು ಹೋಗಿ ಕೂತೆ. ಮೊರ ತೊಡೆಯ ಮೇಲಿಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು.

"ತಪ್ಪು ಮಾಸ್ತರದಲ್ಲವ್ವಾ. ನಡುನಡುವ ಸಡಿಲ ಮಾಡ್ರಿ ಅಂತ ಅವರು ಹೇಳಿದ್ರು. ನಾ ಬರ್ಕೊಂಡಿರಲಿಲ್ಲ" ಎಂದೆ.

ಅವಳು ತಲೆ ಎತ್ತಲಿಲ್ಲ. ಒಂದು ಹರಳು ಆರಿಸಿ ತೆಗೆದು ಪಕ್ಕಕ್ಕಿಟ್ಟಳು.

"ಬಿಚ್ಚೋ ಅಣ್ಣಾ, ಬಿಚ್ಚೋ ಅಂತ ಹಾದಿ ತುಂಬ ಬೇಡ್ಕೊಂಡೆ. ಅದನ್ನ ಯಾವ ನೋಟ್‌ಬುಕ್ಕಿನ್ಯಾಗ ಬರ್ಕೋಬೇಕಿತ್ತು?"